ಬೇಡಿಕೆ ಪಟ್ಟಿ ಹಿಡಿದು ತಿರುವಣ್ಣಾಮಲೈಗೆ

ಬೆಂಗಳೂರಿನಿಂದ ತಿರುವಣ್ಣಾಮಲೈಗೆ ಸುಮಾರು 200 ಕಿ.ಮೀ. ಹೊಸೂರು, ಕೃಷ್ಣಗಿರಿ, ಊತ್ತಂಗರೈ, ಚೆಂಗಂ ದಾಟಿದರೆ ಊರು ಬಂದೇ ಬಿಡುತ್ತದೆ. ಇಷ್ಟು ಹತ್ತಿರ ಇರುವುದಕ್ಕೋ ಏನೋ, ನಮ್ಮವರು ಇದನ್ನು ಒಂದು ಹುಣ್ಣಿಮೆ ರಾತ್ರಿಯ ಕೆಲಸ ಮಾಡಿಕೊಂಡಿದ್ದಾರೆ. ಸಂಜೆ ಬಸ್ಸು ಹತ್ತು, ರಾತ್ರಿಯೆಲ್ಲ ಅಲ್ಲಿನ ಅರುಣಾಚಲ ಗಿರಿ ಸುತ್ತು, ಬೆಳಗಿನ ಜಾವ ವಾಪಸ್ಸು ಬಸ್ಸು ಹತ್ತು, ಆಫೀಸಿನಲ್ಲಿ ತೂಕಡಿಸು. ಹಾಗೆ ಮಾಡುವುದು ಬೇಡ, ನಿಧಾನವಾಗಿ ಇದ್ದು ಬರೋಣ ಅಂತ ಹುಣ್ಣಿಮೆ ತಪ್ಪಿಸಿ ಫೆಬ್ರವರಿಯಲ್ಲಿ ಹೊರಟೆವು. ಜೊತೆಗೆ ಬಂದವಳು ನನ್ನ ಹಳೇ ಗೆಳತಿ.

ಅವಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಡಿಸೈನರ್. ಕೆಲಸ ಹೋಗಿ ಕೆಲವು ತಿಂಗಳಾಗಿತ್ತು. ಆ ಬಿಡುವಿನಲ್ಲಿ ಅವಳಿಗೆ ಅಂಟಿಕೊಂಡಿದ್ದು ಮ್ಯಾನಿಫೆಸ್ಟೇಷನ್. ಬೇಕಾದ್ದನ್ನು ಆಗಲೇ ಸಿಕ್ಕಿದೆ ಅನ್ನುವ ಹಾಗೆ ಒಂದು ವಾಕ್ಯದಲ್ಲಿ ಬರೆಯಬೇಕು, ಬೆಳಿಗ್ಗೆ ಮೂರು ಸಲ, ಮಧ್ಯಾಹ್ನ ಆರು ಸಲ, ರಾತ್ರಿ ಒಂಬತ್ತು ಸಲ. ಯೂನಿವರ್ಸ್ ಕೇಳಿಸಿಕೊಳ್ಳುತ್ತದಂತೆ. ಗೋಡೆಯ ಮೇಲೆ ವಿಷನ್ ಬೋರ್ಡ್ ಬೇರೆ. ಅದರಲ್ಲಿ ಬರ್ಲಿನ್ ಇತ್ತು, ಬಾಲ್ಕನಿ ಇರುವ ಫ್ಲಾಟ್ ಇತ್ತು, ಒಂದು ನಾಯಿ ಇತ್ತು. ನಾನು ನಗುತ್ತಿದ್ದೆ ನಿಜ, ಆದರೆ ಪೂರ್ತಿ ತಳ್ಳಿಹಾಕಲೂ ಆಗುತ್ತಿರಲಿಲ್ಲ. ಮನಸ್ಸೇ ಜಗತ್ತನ್ನು ಕಟ್ಟುತ್ತದೆ ಅನ್ನುವ ಮಾತು ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಹುಟ್ಟಿದ್ದೇನಲ್ಲ. ಅದೇ ಮಾತನ್ನು ಬೇರೆಯೇ ಅರ್ಥದಲ್ಲಿ ಹೇಳಿ, ತನಗೆ ಅಂತ ಏನನ್ನೂ ಕೇಳದೆ ಐವತ್ತಕ್ಕೂ ಹೆಚ್ಚು ವರ್ಷ ಒಂದೇ ಬೆಟ್ಟದ ಬುಡದಲ್ಲಿ ಕೂತ ರಮಣ ಮಹರ್ಷಿಗಳ ಊರಿಗೆ ಅವಳನ್ನು ಕರೆದುಕೊಂಡು ಹೋದರೆ ಹೇಗಿರುತ್ತದೆ ಅಂತ ನನಗೆ ಕುತೂಹಲ.

ಗುರುವಾರ

ಚೆಂಗಂ ದಾಟಿದ ಮೇಲೆ ಬಲಗಡೆ ಎಡಗಡೆ ಅಂತ ಬೆಟ್ಟ ಹುಡುಕಬೇಕಾಗಿಲ್ಲ. ಬಯಲಿನ ನಡುವೆ ಅದೊಂದೇ ಎದ್ದು ನಿಂತಿದೆ. 814 ಮೀಟರ್. ಪಶ್ಚಿಮ ಘಟ್ಟ ನೋಡಿ ಬೆಳೆದವರಿಗೆ ಇದೇನು ಮಹಾ ಅನಿಸಬಹುದು. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಮಾತ್ರ ಬೆಟ್ಟ ಕಂಡ ಕೂಡಲೇ ಚಪ್ಪಲಿ ಬಿಟ್ಟು ಕೈ ಮುಗಿದರು, ಕೆನ್ನೆ ತಟ್ಟಿಕೊಂಡರು, ಆಮೇಲೆ ಚೀಲದಿಂದ ಚಕ್ಕುಲಿ ತೆಗೆದು ನಮಗೂ ಕೊಟ್ಟರು. ಇಲ್ಲಿಯವರಿಗೆ ಬೆಟ್ಟದ ಮೇಲೆ ದೇವರಿಲ್ಲ, ಬೆಟ್ಟವೇ ದೇವರು. ಪಂಚಭೂತ ಲಿಂಗಗಳಲ್ಲಿ ಇದು ಅಗ್ನಿ. ಕಂಚಿಯದು ಭೂಮಿ, ತಿರುವಾನೈಕಾವಲ್ ನೀರು, ಕಾಳಹಸ್ತಿ ಗಾಳಿ, ಚಿದಂಬರ ಆಕಾಶ.

ರಮಣಾಶ್ರಮದೊಳಗೆ ಉಳಿಯಬೇಕಾದರೆ ಬಹಳ ಮುಂಚೆ ಬರೆದು ಕೇಳಿರಬೇಕು. ನಾವು ಹೊರಗಡೆ, ಚೆಂಗಂ ರಸ್ತೆಯಲ್ಲೇ ಒಂದು ರೂಮು ಹಿಡಿದೆವು. ಆ ರಸ್ತೆಯೇ ಒಂದು ವಿಚಿತ್ರ ಲೋಕ. ಒಂದು ಕಡೆ ಟೈರ್ ಪಂಕ್ಚರ್ ಅಂಗಡಿ, ಅದರ ಪಕ್ಕ ಗ್ಲುಟನ್ ಇಲ್ಲದ ಕೇಕ್ ಮಾರುವ ಕೆಫೆ, ಅದರ ಮುಂದೆ ಕಾವಿ ಹಾಸಿಕೊಂಡು ಮಲಗಿದ ಸಾಧು. ಒಬ್ಬ ಇಂಗ್ಲಿಷ್ ಪತ್ರಕರ್ತ 1934ರಲ್ಲಿ ತನ್ನ ಪುಸ್ತಕದಲ್ಲಿ ಈ ಆಶ್ರಮದ ಬಗ್ಗೆ ಬರೆದ ಮೇಲೆ ಹೊರದೇಶದವರು ಬರುವುದು ಜಾಸ್ತಿಯಾಯಿತು, ಇವತ್ತಿಗೂ ನಿಂತಿಲ್ಲ. ಕೆಫೆಯ ನೋಟಿಸ್ ಬೋರ್ಡ್ ತುಂಬ ಚೀಟಿಗಳು. ಸತ್ಸಂಗ, ಉಸಿರಾಟದ ಶಿಬಿರ, ಮತ್ತೆ ನೋಡಿದರೆ ಮ್ಯಾನಿಫೆಸ್ಟೇಷನ್ ವರ್ಕ್‌ಶಾಪ್! ಗೆಳತಿ ನನ್ನ ಮುಖ ನೋಡಿ ಗೆದ್ದವಳ ಹಾಗೆ ನಕ್ಕಳು.

ಸಂಜೆ ಆಶ್ರಮಕ್ಕೆ ಹೋದೆವು. ರಮಣರ ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ: 1879ರ ಡಿಸೆಂಬರ್ 30ರಂದು ತಿರುಚ್ಚುಳಿಯಲ್ಲಿ ಹುಟ್ಟಿದರು, ಹೆಸರು ವೆಂಕಟರಾಮನ್. 16ನೇ ವಯಸ್ಸಿನಲ್ಲಿ, ಮದುರೆಯ ಚಿಕ್ಕಪ್ಪನ ಮನೆಯ ಮಾಳಿಗೆಯಲ್ಲಿ, ಏನೂ ಕಾಯಿಲೆ ಇಲ್ಲದೆ ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಹುಡುಗ ಓಡಿಹೋಗಿ ಯಾರನ್ನೂ ಕರೆಯಲಿಲ್ಲ. ಸತ್ತವನ ಹಾಗೆ ಮಲಗಿ, ಈಗ ಸಾಯುತ್ತಿರುವುದು ಯಾರು ಅಂತ ನೋಡಿದ. ಕೆಲವು ವಾರಗಳ ಮೇಲೆ ಮನೆ ಬಿಟ್ಟು, 1896ರ ಸೆಪ್ಟೆಂಬರ್ 1ರಂದು ಇಲ್ಲಿಗೆ ಬಂದವರು 1950ರ ಏಪ್ರಿಲ್ 14ರಂದು ತೀರಿಕೊಳ್ಳುವ ತನಕ ಈ ಊರು ಬಿಡಲಿಲ್ಲ.

ಸಮಾಧಿ ಹಾಲ್‌ನಲ್ಲಿ ತಮಿಳು ಪಾರಾಯಣ ನಡೀತಿತ್ತು. ಗಂಡಸರು ಒಂದು ಸಾಲು ಹಾಡಿದರೆ ಹೆಂಗಸರು ಮುಂದಿನ ಸಾಲು. ಹಾಡಿನಲ್ಲಿ ಅವಸರವೇ ಇಲ್ಲ. ಒಂದು ನವಿಲು ಕಿಟಕಿಯ ಹೊರಗೆ ಕೂಗಿ ತಾಳ ಕೆಡಿಸುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಅವರು ಕೊನೆಯ ದಿನಗಳಲ್ಲಿ ಮಲಗಿದ್ದ ಪುಟ್ಟ ಕೋಣೆ ನೋಡಿದೆವು. ಎಡತೋಳಿನಲ್ಲಿ ಗಡ್ಡೆ ಬೆಳೆದು ಅದು ಕ್ಯಾನ್ಸರ್ ಆಯಿತು. 1949ರಲ್ಲೇ ನಾಲ್ಕು ಸಲ ಶಸ್ತ್ರಚಿಕಿತ್ಸೆ ಆಯಿತು. ಭಕ್ತರು ಅತ್ತು ಕರೆದು ಕೇಳಿದರಂತೆ, ನೀವು ಒಂದು ಸಲ ಮನಸ್ಸು ಮಾಡಿ, ವಾಸಿಯಾಗಲಿ ಅಂದುಕೊಳ್ಳಿ ಸಾಕು, ವಾಸಿಯಾಗಿಬಿಡುತ್ತದೆ. ಹಾಗೆ ಮನಸ್ಸು ಮಾಡೋಕೆ ಇಲ್ಲಿ ಯಾರಿದ್ದಾರೆ ಅನ್ನುವ ಅರ್ಥದ ಮಾತು ಅವರ ಉತ್ತರ.

ಗೆಳತಿ ರಾತ್ರಿ ರೂಮಿನಲ್ಲಿ ತನ್ನ ವಾಕ್ಯವನ್ನು ಒಂಬತ್ತು ಸಲ ಬರೆದಳು. ಆಮೇಲೆ ಲೈಟ್ ಆರಿಸಿ, "ಅವರಿಗೆ ಬದುಕಬೇಕು ಅಂತ ಇರಲಿಲ್ಲ, ಅಷ್ಟೇ. ನನಗೆ ಇದೆ" ಅಂದಳು. ಉತ್ತರ ಸರಿಯಾಗೇ ಇತ್ತು.

ಶುಕ್ರವಾರ

ಬೆಳಿಗ್ಗೆ ಹಳೇ ಹಾಲ್. ರಮಣರು ವರ್ಷಗಟ್ಟಲೆ ಕೂತು ಜನರನ್ನು ಮಾತಾಡಿಸುತ್ತಿದ್ದ ಜಾಗ ಇದು. ಅವರ ಸೋಫಾ ಇದೆ, ಅದರ ಮೇಲೆ ಅವರ ದೊಡ್ಡ ಚಿತ್ರ ಇದೆ. ನೆಲದ ಮೇಲೆ ಜನ ಅಲ್ಲಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಾನೂ ಕೂತೆ. ಮೊದಲ ಕಾಲು ಗಂಟೆ ಬರೀ ಮೊಣಕಾಲಿನದೇ ಧ್ಯಾನ. ಆಮೇಲೆ ಯಾರದೋ ಹೊಟ್ಟೆ ಗುಡುಗುಡು ಅಂದಿದ್ದು ಇಡೀ ಹಾಲಿಗೆ ಕೇಳಿಸಿತು. ನನ್ನದೇ ಇರಬೇಕು.

ಹೊರಗೆ, ರಮಣರ ಕಾಲದಲ್ಲಿ ಆಶ್ರಮದಲ್ಲಿದ್ದ ಲಕ್ಷ್ಮಿ ಅನ್ನುವ ಹಸುವಿನ ಸಮಾಧಿ ಹತ್ತಿರ ಮೈಸೂರು ಕಡೆಯ ಹಿರಿಯರೊಬ್ಬರು ಸಿಕ್ಕರು. ಕನ್ನಡ ಕೇಳಿಸಿತು ಅಂತ ಅವರೇ ಬಂದು ಮಾತಾಡಿಸಿದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ವರ್ಷದಲ್ಲಿ ಅರ್ಧ ಇಲ್ಲೇ ಇರ್ತಾರಂತೆ. ಹಸುವಿನ ಪಕ್ಕದಲ್ಲಿ ಒಂದು ಜಿಂಕೆ, ಒಂದು ಕಾಗೆ, ಒಂದು ನಾಯಿಯ ಸಮಾಧಿಗಳೂ ಇವೆ, ಅವನ್ನೆಲ್ಲ ತೋರಿಸಿದರು. ಗೆಳತಿ ನೇರವಾಗಿ ವಿಷಯಕ್ಕೆ ಬಂದಳು. "ಸರ್, ನಮ್ಮ ಮನಸ್ಸೇ ಜಗತ್ತನ್ನು ಸೃಷ್ಟಿ ಮಾಡುತ್ತೆ ಅಂತ ರಮಣರೂ ಹೇಳಿದ್ದಾರೆ ತಾನೇ?"

"ಹೇಳಿದ್ದಾರೆ. ಆದರೆ ನೀವು ಎಲ್ಲಿಗೆ ಹೋಗ್ತಿದ್ದೀರಿ ಅಂತ ಗೊತ್ತಾಯ್ತು" ಅಂತ ನಕ್ಕರು.

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ವೇದಾಂತಿಗಳಲ್ಲಿ ಮೂರು ದಾರಿಯ ಮಾತಿದೆ. ಮೊದಲು ಜಗತ್ತು ಹುಟ್ಟಿತು, ಆಮೇಲೆ ನೋಡುವ ನಾವು ಬಂದೆವು ಅನ್ನುವುದು ಒಂದು. ಇದು ನಮ್ಮೆಲ್ಲರ ನಂಬಿಕೆ, ವಿಜ್ಞಾನದ ಪಾಠವೂ ಇದೇ. ನೋಡಿದಾಗಲೇ ಜಗತ್ತು ಹುಟ್ಟುತ್ತದೆ ಅನ್ನುವುದು ಎರಡನೆಯದು, ದೃಷ್ಟಿ-ಸೃಷ್ಟಿ ವಾದ. ಏನೂ ಹುಟ್ಟೇ ಇಲ್ಲ ಅನ್ನುವುದು ಮೂರನೆಯದು, ಅಜಾತ. ರಮಣರಿಗೆ ತಮ್ಮ ಅನುಭವ ಮೂರನೆಯದು, ಆದರೆ ಹುಡುಕಿಕೊಂಡು ಬಂದವರಿಗೆ ಅವರು ಹೆಚ್ಚಾಗಿ ಎರಡನೆಯದರಿಂದ ಪಾಠ ಶುರು ಮಾಡುತ್ತಿದ್ದರು. ಗಾಢ ನಿದ್ದೆಯಲ್ಲಿ ನಿಮಗೆ ಜಗತ್ತಿದೆಯಾ? ಇಲ್ಲ. ಎದ್ದ ಕೂಡಲೇ 'ನಾನು' ಅನ್ನುವುದು ಏಳುತ್ತದೆ, ಅದರ ಹಿಂದೆಯೇ ಜಗತ್ತೂ ಏಳುತ್ತದೆ.

"ನಾನು ಮಲಗಿದ್ದಾಗ ಇವಳು ಎದ್ದಿದ್ದಳಲ್ಲ ಸರ್, ಇವಳಿಗೆ ಜಗತ್ತು ಕಾಣ್ತಿತ್ತಲ್ಲ" ಅಂತ ನಾನು ಗೆಳತಿಯನ್ನು ತೋರಿಸಿದೆ.

"ಈ ಪ್ರಶ್ನೆ ಕೇಳದೇ ಇದ್ದವರೇ ಇಲ್ಲ. ಆಕೆ ಎದ್ದಿದ್ದಳು ಅನ್ನೋದು ನಿಮಗೆ ಯಾವಾಗ ಗೊತ್ತಾಯ್ತು, ನಿದ್ದೆಯಲ್ಲೋ ಎದ್ದ ಮೇಲೋ? ಸಾಕ್ಷಿ ಹೇಳೋ ಆಕೆಯೂ ನೀವು ಎದ್ದ ಮೇಲೆ ಬಂದ ಜಗತ್ತಿನವಳೇ ಅಲ್ವಾ?"

ಇಂಥ ವಾದಕ್ಕೆ ಎದುರುತ್ತರ ಕೊಡೋದು ಕಷ್ಟ. ಒಪ್ಪಿಕೊಳ್ಳೋದು ಇನ್ನೂ ಕಷ್ಟ. ಗೆಳತಿಗೆ ಮಾತ್ರ ಖುಷಿಯಾಗಿತ್ತು. ಹಾಗಾದರೆ ಜಗತ್ತನ್ನು ಬದಲಾಯಿಸೋದು ನಮ್ಮ ಕೈಲೇ ಇದೆ ಅಂದಳು. ಹಿರಿಯರು ತಲೆ ಅಲ್ಲಾಡಿಸಿದರು. ರಮಣರು ಸಿನಿಮಾ ಪರದೆಯ ಹೋಲಿಕೆ ಕೊಡ್ತಿದ್ದರು ಅಂದರು. ಪರದೆಯ ಮೇಲೆ ಬೆಂಕಿ ಬಂದರೂ ಪರದೆ ಸುಡುವುದಿಲ್ಲ, ನೀರು ಬಂದರೂ ನೆನೆಯುವುದಿಲ್ಲ. "ನೀವು ಕೇಳ್ತಿರೋದು ಪಿಕ್ಚರ್‌ನಲ್ಲಿ ನನ್ನ ಪಾತ್ರಕ್ಕೆ ಬರ್ಲಿನ್‌ನಲ್ಲಿ ಮನೆ ಕೊಡಿ ಅಂತ. ಕೊಟ್ಟರೂ ಕೊಡಬಹುದು. ಆದರೆ ಅದು ಪಾತ್ರಕ್ಕೆ ಸಿಕ್ಕಿದ್ದು." ಬರ್ಲಿನ್ ವಿಷಯ ಇವರಿಗೆ ಹೇಳಿದ್ದು ಯಾರು ಅಂತ ಅವಳು ನನ್ನ ಕಡೆ ತಿರುಗಿದಳು. ಊಟದ ಗಂಟೆ ಹೊಡೆಯಿತು, ಬಚಾವಾದೆ.

ರಾತ್ರಿ ಗಿರಿವಲಂ, ಅಂದರೆ ಬೆಟ್ಟದ ಪ್ರದಕ್ಷಿಣೆ. 14 ಕಿ.ಮೀ., ಬರಿಗಾಲಲ್ಲಿ. ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರುವ ದಾರಿಯಲ್ಲಿ ಅವತ್ತು ಅಲ್ಲೊಬ್ಬರು ಇಲ್ಲೊಬ್ಬರು. ರಾತ್ರಿಯಾದರೂ ಡಾಂಬರು ಬೆಚ್ಚಗಿತ್ತು. ದಾರಿಯುದ್ದಕ್ಕೂ ದಿಕ್ಕಿಗೊಂದರಂತೆ ಎಂಟು ಲಿಂಗಗಳಿವೆ: ಇಂದ್ರ, ಅಗ್ನಿ, ಯಮ, ನಿರುತಿ, ವರುಣ, ವಾಯು, ಕುಬೇರ, ಈಶಾನ್ಯ. ಯಮನ ಗುಡಿಯಲ್ಲಿ ಪೂಜಾರಿ ಒಬ್ಬರೇ ಕೂತು ಮೊಬೈಲ್ ನೋಡುತ್ತಿದ್ದರು. ಕುಬೇರನ ಮುಂದೆ ಮಾತ್ರ ಸಾಲು ಇತ್ತು. ಇದನ್ನು ನೋಡಿದ ಮೇಲೆ ಬೇಡಿಕೆ ಪಟ್ಟಿ ಹಿಡಿದು ಬಂದವಳು ನನ್ನ ಗೆಳತಿ ಒಬ್ಬಳೇ ಅಂತ ಹೇಳುವುದು ಅನ್ಯಾಯ. ನಮ್ಮ ಹರಕೆಗೂ ಅವಳ ನೋಟ್‌ಬುಕ್ಕಿಗೂ ಅಂಥ ದೊಡ್ಡ ವ್ಯತ್ಯಾಸ ನನಗೆ ಕಾಣುವುದಿಲ್ಲ. ಒಂದೇ ಒಂದು ಇದೆ: ಹರಕೆ ಹೊತ್ತವರು ಆಗದಿದ್ದರೆ ದೇವರ ಮೇಲೆ ಮುನಿಸಿಕೊಳ್ಳಬಹುದು, ಇವಳು ತನ್ನ ಯೋಚನೆಯೇ ಸರಿ ಇರಲಿಲ್ಲ ಅಂತ ತನ್ನ ಮೇಲೇ ಮುನಿಸಿಕೊಳ್ಳುತ್ತಾಳೆ. ಕೆಲಸ ಸಿಗದ ತಿಂಗಳುಗಳಲ್ಲಿ ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೆಗೆಟಿವ್ ಆಗಿ ಯೋಚಿಸಿದೆ, ಅದಕ್ಕೇ ಇಂಟರ್‌ವ್ಯೂ ಕೈಕೊಟ್ಟಿತು ಅಂತ ರಾತ್ರಿಯೆಲ್ಲ ಅಳುವುದು. ಯಾವ ದೇವರೂ ಇಷ್ಟು ಕಠಿಣ ಇರಲಾರ.

ಕುಬೇರ ಲಿಂಗ ದಾಟಿದರೆ ಇಡುಕ್ಕು ಪಿಳ್ಳೈಯಾರ್. ಇಕ್ಕಟ್ಟಿನ ಗಣಪತಿ ಅನ್ನಬಹುದು. ಸಣ್ಣ ಕಲ್ಲಿನ ಗುಡಿ, ಒಳಗೆ ಅಡ್ಡ ಮಲಗಿ ತೆವಳಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆ ಬರಬೇಕು. ನೋಡಿದರೆ ಬೆಕ್ಕು ಕೂಡ ತೂರಲ್ಲ ಅನಿಸುತ್ತದೆ. ಒಳಗೆ ತಲೆ ಹಾಕಿದೆ, ಭುಜ ಸಿಕ್ಕಿಕೊಂಡಿತು. ಹಿಂದಿನಿಂದ ಒಬ್ಬ ಹಿರಿಯ ಹೆಂಗಸು ತಮಿಳಿನಲ್ಲಿ, ಒಂದು ಕೈ ಮುಂದೆ ಚಾಚು, ಉಸಿರು ಬಿಡು, ಮೈ ಓರೆ ಮಾಡು ಅಂತ ಹೇಳುತ್ತಾ ಹೋದರು. ಉಸಿರು ಬಿಟ್ಟ ಕೂಡಲೇ ಎದೆ ಅಷ್ಟು ತಗ್ಗಿತು, ಜಾರಿ ಆಚೆ ಬಂದೆ. ಕಲ್ಲು ಎಣ್ಣೆ ಹಚ್ಚಿದ ಹಾಗೆ ನುಣ್ಣಗಿದೆ, ಎಷ್ಟು ಜನರ ಮೈ ಉಜ್ಜಿ ಉಜ್ಜಿ ಹಾಗಾಗಿದೆಯೋ. ಆ ಹೆಂಗಸು ನನಗಿಂತ ಎರಡು ಪಟ್ಟು ದಪ್ಪ ಇದ್ದರು, ಒಂದೇ ಏಟಿಗೆ ಬಂದರು. ಆಚೆ ಕಡೆ ಸುಕ್ಕು ಕಾಫಿ ಮಾರುತ್ತಿದ್ದರು. ಶುಂಠಿ ಖಾರಕ್ಕೆ ಕಣ್ಣಲ್ಲಿ ನೀರು ಬಂತು.

ಶನಿವಾರ

ಕಾಲು ಬೊಬ್ಬೆ. ಎದ್ದಿದ್ದೇ ತಡ.

ಊರಿನ ದೊಡ್ಡ ಶಿವ ದೇವಸ್ಥಾನಕ್ಕೆ, ಅಂದರೆ ಅಣ್ಣಾಮಲೈಯಾರ್ ಗುಡಿಗೆ ಹೋದೆವು. ಪೂರ್ವದ ರಾಜಗೋಪುರ 11 ಅಂತಸ್ತು, 217 ಅಡಿ. ಕೃಷ್ಣದೇವರಾಯ ಶುರು ಮಾಡಿಸಿದ್ದು, ತಂಜಾವೂರಿನ ಸೇವಪ್ಪ ನಾಯಕ ಮುಗಿಸಿದ್ದು. ಒಳಗಿನ ಸಾವಿರ ಕಂಬದ ಮಂಟಪ, ಎದುರಿನ ಶಿವಗಂಗೆ ಕಲ್ಯಾಣಿ ಕೂಡ ರಾಯನದೇ. ಈ ಮಂಟಪದ ಮೂಲೆಯ ನೆಲಮಾಳಿಗೆಯಲ್ಲೇ, ಪಾತಾಳಲಿಂಗದ ಹಿಂದೆ, ಹುಡುಗ ವೆಂಕಟರಾಮನ್ ಮೈಮರೆತು ಕೂತಿದ್ದು. ಹುಳುಹುಪ್ಪಟೆ ಕಚ್ಚಿ ತೊಡೆಯೆಲ್ಲ ಗಾಯವಾದರೂ ಗೊತ್ತಾಗಿರಲಿಲ್ಲವಂತೆ.

ಹಂಪಿಯ ನೆನಪು ಎಲ್ಲರಿಗೂ ಬರುತ್ತದೆ. ನನ್ನನ್ನು ನಿಲ್ಲಿಸಿದ್ದು ಅದರ ಮುಂದಿನ ಗೋಪುರ. ಹೆಸರು ವಲ್ಲಾಳ ಮಹಾರಾಜ ಗೋಪುರ. ವಲ್ಲಾಳ ಅಂದರೆ ನಮ್ಮ ಹೊಯ್ಸಳರ ಮೂರನೇ ವೀರಬಲ್ಲಾಳ! 1311ರಲ್ಲಿ ಮಲಿಕ್ ಕಾಫೂರ್ ದಂಡು ದ್ವಾರಸಮುದ್ರಕ್ಕೆ ಬಂತು. 1327ರ ಸುಮಾರಿಗೆ ದೆಹಲಿಯ ಸೈನ್ಯ ಮತ್ತೆ ಬಂದು ಊರು ಹಾಳಾಯಿತು. ಆಮೇಲೆ ಈತ ತಿರುವಣ್ಣಾಮಲೈಯನ್ನೇ ರಾಜಧಾನಿ ಮಾಡಿಕೊಂಡ. ಶಾಸನಗಳಲ್ಲಿ ಇದಕ್ಕೆ ಉಣ್ಣಾಮಲೆ ಪಟ್ಟಣ ಅಂತ ಹೆಸರು. 1340ರ ದಶಕದ ಶುರುವಿನಲ್ಲಿ ಮದುರೆ ಸುಲ್ತಾನರ ಜೊತೆ ಯುದ್ಧ ಮಾಡಿ ಸತ್ತ. ಹಳೇಬೀಡಿಗೆ ಹೋದಾಗ ಕಥೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತೇವೆ, ಕೊನೆಯ ಅಂಕ ನಡೆದಿದ್ದು ಇಲ್ಲಿ.

ಇಲ್ಲಿಯ ಜನ ಅವನಿಗೆ ಇನ್ನೊಂದು ಕಥೆ ಕಟ್ಟಿದ್ದಾರೆ. ರಾಜನಿಗೆ ಮಕ್ಕಳಿರಲಿಲ್ಲ. ಅಣ್ಣಾಮಲೈಯಾರ್ ಸ್ವಾಮಿಯೇ ಮಗುವಾಗಿ ಬಂದು ಅವನ ತೊಡೆಯ ಮೇಲೆ ಕೂತು ಮಾಯವಾದ, ನಿನ್ನ ಕರ್ಮ ನಾನೇ ಮಾಡುತ್ತೇನೆ ಅಂತ ಮಾತು ಕೊಟ್ಟ. ಇವತ್ತಿಗೂ ಪ್ರತಿ ವರ್ಷ ತಮಿಳರ ಮಾಸಿ ತಿಂಗಳ ಮಘಾ ನಕ್ಷತ್ರದ ದಿನ ದೇವರ ಉತ್ಸವಮೂರ್ತಿಯನ್ನು ಪಳ್ಳಿಕೊಂಡಪಟ್ಟಿಗೆ ಹೊತ್ತುಕೊಂಡು ಹೋಗಿ, ಹೊಳೆಯ ದಂಡೆಯಲ್ಲಿ ಬಲ್ಲಾಳನಿಗೆ ತಿಥಿ ಮಾಡಿಸುತ್ತಾರೆ. ದೇವರು ಮಗ, ಕನ್ನಡದ ರಾಜ ಅಪ್ಪ, ಮಾಡುವವರು ತಮಿಳರು.

ನಾನು ಆ ಗೋಪುರದ ನೆರಳಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ವಾಸ್ತವ ಅಂದರೆ ಏನು? ಬಲ್ಲಾಳನಿಗೆ ಮಗನಿರಲಿಲ್ಲ ಅನ್ನುವ ಕಥೆ ನಿಜವೋ ಸುಳ್ಳೋ ಇರಲಿ, ಯಾರೋ ಒಬ್ಬರು ಅವನಿಗೆ ಒಬ್ಬ ಮಗನನ್ನು ಕಲ್ಪಿಸಿದರು. ಬರೀ ಕಲ್ಪಿಸಿ ಸುಮ್ನೆ ಕೂರಲಿಲ್ಲ. ಹೊತ್ತರು, ನಡೆದರು, ನೀರಿಗೆ ಇಳಿದರು, ಅದನ್ನೇ ಮರುವರ್ಷವೂ ಮಾಡಿದರು, ಮಕ್ಕಳಿಗೂ ಮಾಡಿ ಅಂದರು. ಈಗ ಆ ಮಗ ಇಲ್ಲ ಅಂತ ಹೇಳೋದು ಹೇಗೆ? ಮನುಷ್ಯ ವಾಸ್ತವವನ್ನು ಸೃಷ್ಟಿಸುತ್ತಾನೆ ಅಂದರೆ ನಾನು ಒಪ್ಪುವುದು ಈ ಅರ್ಥದಲ್ಲಿ. ಹಲವರ ಕೈ ಬೇಕು, ಕಾಲ ಬೇಕು, ಮತ್ತೆ ಮತ್ತೆ ಮಾಡುವ ಹಟ ಬೇಕು.

ಸಂಜೆ ಪವಳಕುನ್ರು ಹತ್ತಿದೆವು. ದೇವಸ್ಥಾನದ ಹತ್ತಿರವೇ ಇರುವ ಪುಟ್ಟ ಬಂಡೆಗುಡ್ಡ, ಮೇಲೆ ಒಂದು ಗುಡಿ. 1898ರ ಡಿಸೆಂಬರ್‌ನಲ್ಲಿ ರಮಣರ ತಾಯಿ ಅಳಗಮ್ಮ ಮಗನನ್ನು ಹುಡುಕಿಕೊಂಡು ಬಂದಿದ್ದು ಇಲ್ಲಿಗೆ. ಮಗನಿಗೆ ಜಡೆಗಟ್ಟಿದ ಕೂದಲು, ಕೊಳಕು ಮೈ, ಮಾತಿಲ್ಲ. ತಾಯಿ ದಿನಗಟ್ಟಲೆ ಅತ್ತರು, ಮನೆಗೆ ಬಾ ಅಂದರು. ಸುತ್ತ ಇದ್ದವರು ಮರುಗಿ, ಬರೆದಾದರೂ ಉತ್ತರ ಕೊಡಿ ಅಂತ ಕಾಗದ ಪೆನ್ಸಿಲ್ ಕೊಟ್ಟರು. ಮಗ ಬರೆದಿದ್ದರ ಸಾರ ಇಷ್ಟು: ಅವರವರ ಪ್ರಾರಬ್ಧದಂತೆ ಆಡಿಸುವವನು ಆಡಿಸುತ್ತಾನೆ, ಆಗದ್ದು ಎಷ್ಟು ಪ್ರಯತ್ನ ಪಟ್ಟರೂ ಆಗುವುದಿಲ್ಲ, ಆಗುವುದು ಎಷ್ಟು ತಡೆದರೂ ನಿಲ್ಲುವುದಿಲ್ಲ, ಇದು ಖಂಡಿತ, ಆದ್ದರಿಂದ ಮೌನವಾಗಿರುವುದೇ ಒಳ್ಳೆಯದು.

ಹೆತ್ತ ತಾಯಿಗೆ ಇದನ್ನು ಬರೆಯೋದು ಅಂದರೆ! ನನಗೆ ಅವತ್ತು ರಮಣರ ಮೇಲೆ ಸಿಟ್ಟೇ ಬಂತು. ಗೆಳತಿಗೂ ಬಂತು, ಅವಳ ಕಾರಣ ಬೇರೆ. ಇಡೀ ಮ್ಯಾನಿಫೆಸ್ಟೇಷನ್ ಪಂಥವನ್ನು ಒಂದು ಚೀಟಿಯಲ್ಲಿ ಹೊಡೆದುಹಾಕಿದ್ದಾರೆ ಅಂತ.

ಗುಡ್ಡದಿಂದ ದೊಡ್ಡ ಬೆಟ್ಟದ ಇಳಿಜಾರು ಕಾಣುತ್ತದೆ. ಮನೆಗಳು ಬೆಟ್ಟದ ಮೈಗೆ ಹತ್ತಿಕೊಂಡು ಹೋಗಿವೆ. ಫೆಂಗಲ್ ಚಂಡಮಾರುತದ ಮಳೆಗೆ 2024ರ ಡಿಸೆಂಬರ್ 1ರಂದು ಈ ಬೆಟ್ಟದ ಮಣ್ಣು ಬಂಡೆ ಜಾರಿ ವ.ಉ.ಸಿ. ನಗರದ ಮನೆಯ ಮೇಲೆ ಬಿದ್ದು ಏಳು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ನೀನು ಅಂದುಕೊಂಡಿದ್ದೇ ನಿನ್ನ ಬದುಕಿಗೆ ಬರುತ್ತದೆ ಅಂತ ವೇದಿಕೆ ಮೇಲೆ ಹೇಳುವವರನ್ನು ಒಂದು ಸಲ ಇಲ್ಲಿ ನಿಲ್ಲಿಸಿ, ಆ ಮಕ್ಕಳು ಏನಂದುಕೊಂಡಿದ್ದರು ಅಂತ ಕೇಳಬೇಕು. ಎಲ್ಲ ಪ್ರಾರಬ್ಧ ಅಂತ ಕೈ ತೊಳೆದುಕೊಳ್ಳುವವರನ್ನೂ ಪಕ್ಕದಲ್ಲೇ ನಿಲ್ಲಿಸಬೇಕು. ಜನ ಇಳಿಜಾರಿನಲ್ಲಿ ಮನೆ ಕಟ್ಟಿದ್ದು ಯಾಕೆ ಅಂದರೆ ಕೆಳಗೆ ಜಾಗ ಕೊಳ್ಳೋಕೆ ದುಡ್ಡಿರಲ್ಲ. ಗೆಳತಿಗೆ ಇದನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಅವತ್ತು ರಾತ್ರಿ ನೋಟ್‌ಬುಕ್ ತೆಗೆದಳೋ ಇಲ್ಲವೋ ನಾನು ನೋಡಲಿಲ್ಲ.

ಭಾನುವಾರ

ಆಶ್ರಮದ ಹಿಂದಿನ ಬಾಗಿಲಿನಿಂದ ಸ್ಕಂದಾಶ್ರಮಕ್ಕೆ ಕಲ್ಲು ಹಾಸಿದ ದಾರಿ ಇದೆ. ಬೆಳಿಗ್ಗೆ ಬೇಗ ಹೊರಟರೆ ಆರಾಮ. ರಮಣರು 1899ರಿಂದ 1916ರ ತನಕ ವಿರೂಪಾಕ್ಷ ಗುಹೆಯಲ್ಲಿ, ಆಮೇಲೆ 1922ರ ತನಕ ಸ್ಕಂದಾಶ್ರಮದಲ್ಲಿ ಇದ್ದರು. ಹಳೇ ಫೋಟೋಗಳಲ್ಲಿ ಈ ಬೆಟ್ಟ ಬೋಳು, ಬಂಡೆ ಮತ್ತು ಹುಲ್ಲು ಬಿಟ್ಟರೆ ಏನಿಲ್ಲ. ಈಗ ದಾರಿಯ ಬಹುಪಾಲು ನೆರಳು.

ಆ ನೆರಳು ತಾನಾಗಿ ಬಂದಿಲ್ಲ. 1980ರ ದಶಕದ ಕೊನೆಯಿಂದ ಜನ ಗುಂಪು ಕಟ್ಟಿಕೊಂಡು ಇಲ್ಲಿ ಗಿಡ ನೆಡುತ್ತಿದ್ದಾರೆ. ಊರವರು, ಹೊರದೇಶದಿಂದ ಆತ್ಮ ಹುಡುಕಿಕೊಂಡು ಬಂದು ಇಲ್ಲೇ ಉಳಿದವರು, ಎಲ್ಲರೂ. ನೆಡುವುದು ಸುಲಭ, ಬೆಂಕಿಯಿಂದ ಉಳಿಸಿಕೊಳ್ಳುವುದೇ ಕಷ್ಟ. ಬೇಸಿಗೆಯಲ್ಲಿ ಒಣ ಹುಲ್ಲಿಗೆ ಒಂದು ಕಿಡಿ ಬಿದ್ದರೆ ವರ್ಷಗಳ ಕೆಲಸ ಒಂದೇ ರಾತ್ರಿಯಲ್ಲಿ ಬೂದಿ. ಅದಕ್ಕೆ ಮಳೆಗಾಲ ಮುಗಿದ ಮೇಲೆ ಇಳಿಜಾರಿನಲ್ಲಿ ಅಗಲವಾದ ಪಟ್ಟಿಗಳಂತೆ ಹುಲ್ಲು ಕತ್ತರಿಸಿ ಬೆಂಕಿ ದಾಟದ ಹಾಗೆ ಮಾಡುತ್ತಾರೆ. ದಾರಿಯಿಂದ ಸ್ವಲ್ಪ ಮೇಲೆ ಅಂಥ ಒಂದು ಗುಂಪು ಕೆಲಸ ಮಾಡುತ್ತಿತ್ತು. ಇಲ್ಲಿ ಬೆಳೆಯೋದು ಜಾಸ್ತಿ ಮಜ್ಜಿಗೆ ಹುಲ್ಲು. ಕುಡುಗೋಲು ಬಿದ್ದ ಕಡೆಯೆಲ್ಲ ನಿಂಬೆಯ ಪರಿಮಳ. ಒಬ್ಬ ಹುಡುಗ ಬುಡ ಹಿಡಿದು, ಕುಡುಗೋಲನ್ನು ತನ್ನ ಕಡೆ ಎಳೆದು, ಕತ್ತರಿಸಿದ್ದನ್ನು ಎಡಗಡೆ ಎಸೆದು ಮುಂದೆ ಹೋಗುತ್ತಿದ್ದ. ಹುಲ್ಲಿನ ಅಂಚು ಚೂಪು, ಅವನ ಮುಂಗೈ ತುಂಬ ಸಣ್ಣ ಗೀರುಗಳು. ಗೆಳತಿ ಹೋಗಿ ಕೇಳಿದಳು, ನಾನೂ ಸೇರಬಹುದಾ? ಅವರು ಒಂದು ಜೊತೆ ಗ್ಲೌಸ್ ಕೊಟ್ಟು, ಕತ್ತರಿಸಿದ್ದನ್ನು ಒಟ್ಟು ಮಾಡಿ ಪಕ್ಕಕ್ಕೆ ಹಾಕಿ ಅಂದರು. ನಾನು ನೆರಳಲ್ಲಿ ಕೂತೆ, ಕಾಲು ಬೊಬ್ಬೆ ಅಂತ ನೆಪ ಇತ್ತಲ್ಲ.

ಈ ಬೆಟ್ಟದ ಮೇಲೆ ನಡೆದ ಒಂದು ಪ್ರಸಂಗ ಆಶ್ರಮದವರೆಲ್ಲ ಹೇಳುತ್ತಾರೆ, ನನಗೆ ರಮಣರಲ್ಲಿ ಅತಿ ಇಷ್ಟವಾದದ್ದು ಅದೇ. ಫಲ ಬಯಸದೆ ಕೆಲಸ ಮಾಡೋದು ಅಂದರೇನು ಅಂತ ಯಾರೋ ಕೇಳಿದರು. ಅವರು ಉತ್ತರ ಕೊಡಲಿಲ್ಲ. ನಡೆಯುತ್ತಾ ದಾರಿಯಲ್ಲಿ ಒಂದು ಮುಳ್ಳಿನ ಕೋಲು ಎತ್ತಿಕೊಂಡರು. ಮುಳ್ಳು ಒಂದೊಂದೇ ಕಿತ್ತರು, ಗಂಟುಗಳನ್ನು ತೀಡಿದರು, ಒರಟು ಎಲೆಯಿಂದ ಉಜ್ಜಿ ಉಜ್ಜಿ ನಯ ಮಾಡಿದರು. ಗಂಟೆಗಟ್ಟಲೆ ಹಿಡಿಯಿತು. ಅಂಥ ಮುಳ್ಳಿನ ಕೋಲು ಇಷ್ಟು ಚೆಂದ ಆಯಿತಲ್ಲ ಅಂತ ಎಲ್ಲರೂ ಬೆರಗಾದರು. ಅಷ್ಟರಲ್ಲಿ ಒಬ್ಬ ಕುರಿ ಕಾಯುವ ಹುಡುಗ ಎದುರು ಬಂದ, ಕೋಲು ಕಳೆದುಕೊಂಡು ಅಳುಮೋರೆ ಮಾಡಿಕೊಂಡಿದ್ದ. ಅವನ ಕೈಗೆ ಅದನ್ನು ಕೊಟ್ಟು ಮುಂದೆ ನಡೆದರು. ಜಗತ್ತು ಮನಸ್ಸಿನ ಆಟ ಅಂದವರು, ಏನೂ ಹುಟ್ಟೇ ಇಲ್ಲ ಅಂದವರು, ಒಂದು ಕೋಲಿಗೆ ಅಷ್ಟು ಹೊತ್ತು ಕೊಟ್ಟರು. ಅವರು ತೆಂಗಿನ ಚಿಪ್ಪಿನಿಂದ ಸೌಟು, ಬಟ್ಟಲು ಮಾಡುತ್ತಿದ್ದರು, ಬೆಳಗಿನ ಜಾವ ಎದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು, ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದರು. ಅವರ ಮಾತಿಗಿಂತ ನನಗೆ ಈ ಕೈಕೆಲಸಗಳೇ ಹೆಚ್ಚು ಹೇಳುತ್ತವೆ.

ಸ್ಕಂದಾಶ್ರಮದಲ್ಲಿ ತೆಂಗಿನ ಮರ, ತಣ್ಣನೆ ನೀರು, ಒಂದು ಪುಟ್ಟ ಕೋಣೆ. ತಾಯಿ ಅಳಗಮ್ಮ ಕೊನೆಗೆ ಮಗನ ಜೊತೆ ಇರಲು ಬಂದವರು 1922ರ ಮೇ 19ರಂದು ತೀರಿಕೊಂಡಿದ್ದು ಇಲ್ಲೇ. ಅವತ್ತು ಗಂಟೆಗಳ ಕಾಲ ಮಗ ಒಂದು ಕೈ ಅವರ ಎದೆಯ ಮೇಲೆ, ಇನ್ನೊಂದು ಕೈ ತಲೆಯ ಮೇಲೆ ಇಟ್ಟು ಕೂತಿದ್ದರು. ಶನಿವಾರದ ನನ್ನ ಸಿಟ್ಟು ಈ ಕೋಣೆಯಲ್ಲಿ ಸ್ವಲ್ಪ ಇಳಿಯಿತು. ಪೂರ್ತಿ ಅಲ್ಲ.

ಕೆಳಗೆ ವಿರೂಪಾಕ್ಷ ಗುಹೆ. ಗುಹೆಗೆ ಹೆಸರು ಬಂದ ಸಂತ ವಿರೂಪಾಕ್ಷ ದೇವರು, ಈ ಬೆಟ್ಟದ ಇನ್ನೊಬ್ಬ ಸಂತ ಗುಹೈ ನಮಶಿವಾಯ ಇಬ್ಬರೂ ವೀರಶೈವ ಪರಂಪರೆಯವರು, ಶ್ರೀಶೈಲದ ಕಡೆಯಿಂದ ಬಂದವರು ಅಂತ ಹೇಳುತ್ತಾರೆ. ಒಳಗೆ ಸೆಖೆ, ಕತ್ತಲೆ, ವಿಭೂತಿ ವಾಸನೆ. ಗೆಳತಿ ಅಲ್ಲಿ ಬಹಳ ಹೊತ್ತು ಕೂತಳು.

ಸೋಮವಾರ

ವಾಪಸ್ಸು ಬಸ್ಸಿನ ಬಗ್ಗೆ ಹೇಳುವಂಥದ್ದೇನಿಲ್ಲ. ಊತ್ತಂಗರೈ ಹತ್ತಿರ ಟೈರ್ ಪಂಕ್ಚರ್ ಆಗಿ ಬಿಸಿಲಲ್ಲಿ ನಿಂತೆವು, ಎಳನೀರು ಕುಡಿದೆವು. ಗೆಳತಿಯ ಮುಂಗೈಯಲ್ಲಿ ಹುಲ್ಲಿನ ಗೀರು ಕೆಂಪಗಿತ್ತು. ನಾನು ಸ್ವಲ್ಪ ಗೆದ್ದ ಮೂಡಿನಲ್ಲೇ ಇದ್ದೆ. ನೋಡು, ತನಗೋಸ್ಕರ ಒಂದು ಸಲ ಮನಸ್ಸು ಮಾಡಿ ಅಂದರೂ ಮಾಡದ ಮನುಷ್ಯ, ಆಗದ್ದು ಆಗಲ್ಲ ಅಂತ ತಾಯಿಗೇ ಬರೆದುಕೊಟ್ಟವರು, ಅವರ ಹೆಸರಲ್ಲಿ ರಸ್ತೆಯಾಚೆ ಮ್ಯಾನಿಫೆಸ್ಟೇಷನ್ ವರ್ಕ್‌ಶಾಪ್ ನಡೆಸ್ತಾರಲ್ಲ ಅಂದೆ.

ಅವಳು ಆಶ್ರಮದ ಅಂಗಡಿಯಲ್ಲಿ ಕೊಂಡ ಪುಸ್ತಕ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಅದರಲ್ಲಿತ್ತು: 1914ರಲ್ಲಿ ಮಗನನ್ನು ನೋಡಲು ಬಂದ ತಾಯಿ ಅಳಗಮ್ಮ ವಿಷಮಶೀತಜ್ವರ ಬಂದು ಮಲಗಿದರು. ವಾರಗಟ್ಟಲೆ ಜ್ವರ. ಆಗ ರಮಣರು ಅರುಣಾಚಲನಿಗೆ ನಾಲ್ಕು ಪದ್ಯ ಬರೆದರು. ಹುಟ್ಟೆಂಬ ರೋಗವನ್ನೇ ಕಳೆಯಲು ಬೆಟ್ಟವಾಗಿ ಬಂದವನು ನೀನು, ನನ್ನ ತಾಯಿಯ ಜ್ವರ ನೀನೇ ಕಳೆಯಬೇಕು ಅನ್ನುವ ಬೇಡಿಕೆ. ಜ್ವರ ಬಿಟ್ಟಿತು, ತಾಯಿ ಉಳಿದರು.

"ಈಗ ಹೇಳು. ಆಗದ್ದು ಆಗಲ್ಲ ಅಂದವರು ಇದನ್ನು ಯಾಕೆ ಬರೆದರು?"

ತಾಯಿಗೋಸ್ಕರ ಕೇಳಿದರು, ತನಗೋಸ್ಕರ ಅಲ್ಲ ಅಂದೆ. ಅವಳು ಬಿಡಲಿಲ್ಲ. ನನ್ನ ತಾಯಿ ಉಳೀಲಿ ಅನ್ನೋದು ತನಗೋಸ್ಕರ ಅಲ್ವಾ? ಅದೂ ಅವರ ಪ್ರಾರಬ್ಧದಲ್ಲಿ ಬರೆದಿತ್ತು ಅನ್ನಬಹುದು ಅಂದೆ. ಹಾಗಾದರೆ ನಾನು ದಿನಾ ನೋಟ್‌ಬುಕ್ಕಿನಲ್ಲಿ ಬರೆಯೋದೂ ಬರೆದಿತ್ತು ಬಿಡು ಅಂದಳು. ಕಂಡಕ್ಟರ್ ಟೈರ್ ರೆಡಿ, ಹತ್ತಿ ಹತ್ತಿ ಅಂತ ಕೂಗಿದರು. ಕೃಷ್ಣಗಿರಿ ಬರುವ ತನಕ ನಾನು ಆ ನಾಲ್ಕು ಪದ್ಯಗಳನ್ನೇ ಮತ್ತೆ ಮತ್ತೆ ಓದಿದೆ. ಅವಳಿಗೆ ಕೊಡುವಂಥ ಉತ್ತರ ಇನ್ನೂ ಸಿಕ್ಕಿಲ್ಲ. ಮಳೆ ಶುರುವಾದ ಮೇಲೆ ಗಿಡ ನೆಡುವುದಕ್ಕೆ ಬರುತ್ತೇನೆ ಅಂತ ಅವಳು ಆ ಗುಂಪಿನವರಿಗೆ ಹೆಸರು ಕೊಟ್ಟು ಬಂದಿದ್ದಾಳೆ. ಬರ್ಲಿನ್‌ನ ಚಿತ್ರ ಗೋಡೆಯ ಮೇಲೆ ಹಾಗೇ ಇದೆ.